ಟಿಕಳಿ ಇಲ್ಲದ ಒಂದು ಮಧ್ಯಾಹ್ನ

ನನ್ನ ರಕ್ತದ ಟ್ಯೂಬು ಪಕ್ಕದ ಕುರ್ಚಿಯವಳ ಟ್ಯೂಬಿನೊಂದಿಗೆ ಅದಲುಬದಲಾಗಬಹುದಿತ್ತು. ಸೂಜಿ ಯಾವುದೋ ನರಕ್ಕೆ ತಾಗಿ, ಉಳಿದ ಆಯುಷ್ಯವನ್ನೆಲ್ಲ ನಾನು ಒಂದೇ ಕಡೆ ನಗುತ್ತ ಕಳೆಯಬೇಕಾಗಬಹುದಿತ್ತು. ರಕ್ತ ತಿರುಗಿಸುವ ಮಷೀನು ಕರೆಂಟು ಹೋಗಿ ನಡುವೆಯೇ ನಿಲ್ಲಬಹುದಿತ್ತು. ಚುಚ್ಚುವ ಹೊತ್ತಿಗೇ ಡಾಕ್ಟರಿಗೆ ಸೀನು ಬರಬಹುದಿತ್ತು. ವೇಟಿಂಗ್ ರೂಮಿನಲ್ಲಿ ನಮ್ಮ ಆಫೀಸಿನ ಯಾರಾದರೂ ಕುಳಿತಿರಬಹುದಿತ್ತು. (ಕುಳಿತಿದ್ದರೆ ಅವರೂ ಅದಕ್ಕೇ ಬಂದಿರುತ್ತಿದ್ದರು, ನಿಜ. ಚಿಂತೆ ಮಾಡುವವರ ಹತ್ತಿರ ಲಾಜಿಕ್ ಕೇಳಬೇಡಿ.) ಅಥವಾ ಎಲ್ಲವೂ ಸರಿಹೋಗಿ, ಮುಖ ತೀರಾ ಎಳೆಯದಾಗಿ, ನಮ್ಮ ಸೊಸೈಟಿಯ ವಾಚ್‌ಮನ್ ಗುರುತು ಸಿಗದೆ ನನ್ನನ್ನು ಗೇಟಿನಲ್ಲೇ ತಡೆಯಬಹುದಿತ್ತು.

ಇಷ್ಟನ್ನೂ ಒಂದು ವಾರ ಮೊದಲೇ ಯೋಚಿಸಿಟ್ಟುಕೊಂಡು ಪಿಆರ್‌ಪಿ ಮಾಡಿಸಿಕೊಳ್ಳಲು ಹೋದೆ.

ಹಾಗಂದರೇನು ಎನ್ನುವವರಿಗೆ: ನಿಮ್ಮದೇ ತೋಳಿನಿಂದ ರಕ್ತ ತೆಗೆದು, ಮಷೀನಿನಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ನಿಮ್ಮದೇ ಮುಖಕ್ಕೆ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಅದರಲ್ಲಿ ಪ್ಲೇಟ್‌ಲೆಟ್ ತುಂಬಿರುತ್ತದೆ, ಚರ್ಮ ಹೊಸದಾಗುತ್ತದಂತೆ. ಮೊಸರು ಕಡೆದು, ಬಂದ ಬೆಣ್ಣೆಯನ್ನು ಅದೇ ಗಡಿಗೆಯ ಹೊರಮೈಗೆ ಸವರಿದ ಹಾಗೆ.

ಐವತ್ತೆರಡರ ನನಗೆ ಇದು ಬೇಕಿತ್ತಾ? ಸೌಂದರ್ಯಕ್ಕಲ್ಲ, ನಂಬಿ. (ಸ್ವಲ್ಪ ಸೌಂದರ್ಯಕ್ಕೂ.) ನಿಜವಾದ ಕಾರಣ ಅವ್ವ.

ಎಂಟು ತಿಂಗಳ ಹಿಂದೆ ಅವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದ ಐದನೇ ದಿನ, ಅವಳಿನ್ನೂ ಆಸ್ಪತ್ರೆಯಲ್ಲಿರುವಾಗ, ಸದಾಶಿವ ಪೇಠದ ನಮ್ಮ ಮನೆಯಲ್ಲಿ ಅಪ್ಪ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಹೋಗಿಬಿಟ್ಟರು. ಅವ್ವನ ಹಾರ್ಟ್ ವೀಕ್ ಇದೆ, ಈಗಲೇ ಹೇಳಬೇಡಿ ಎಂದರು ಆಸ್ಪತ್ರೆಯವರು. ಅಣ್ಣನೂ ನಾನೂ ಹೇಳಲಿಲ್ಲ. ಅಪ್ಪ ವಿಜಯಪುರಕ್ಕೆ ಹೋಗಿದ್ದಾರೆ, ಹಳೆಯ ಜಾಗದ ಪಾಲಿನ ಕೇಸು ಎಂದೆವು. ಹದಿನೈದು ದಿನ ಹೋಗಲಿ ಎಂದುಕೊಂಡೆವು. ಹಬ್ಬ ಮುಗಿಯಲಿ ಎಂದೆವು. ವಾಕರ್ ಹಿಡಿದು ನಡೆಯುವಂತಾಗಲಿ ಎಂದೆವು. ಹೇಳದೆ ಉಳಿಸಿಕೊಂಡ ಸಾವಿಗೆ ಆಮೇಲೆ ಮುಹೂರ್ತವೇ ಸಿಗುವುದಿಲ್ಲ.

ಅವ್ವನಿಗೆ ಸ್ವಲ್ಪ ಮರೆವು. ಅದು ನಮಗೆ ಅನುಕೂಲವೇ ಆಯಿತು. (ಬರೆಯಲು ನಾಚಿಕೆಯಾಗುತ್ತದೆ.) ಅವಳ ಕೈ ನಡುಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ತಲೆ ಬಾಚಿ ಹಣೆಗೆ ಕುಂಕುಮ ಹಚ್ಚುವವಳು ನಾನು. ಕಣ್ಣು ಮುಚ್ಚಿ ಹಚ್ಚಿಸಿಕೊಂಡು ಕೇಳುತ್ತಿದ್ದಳು.

"ನಿಮ್ಮಪ್ಪ ಎಂದ ಬರ್ತಾರಂತ?"

"ಬರ್ತಾರವ್ವಾ. ಕೋರ್ಟಿನ ತಾರೀಖ ಮುಂದ ಹೋಗೇದ."

ಫೋನ್ ಹಚ್ಚು ಅಂದರೆ, ರೇಂಜ್ ಇಲ್ಲ. ಎರಡು ತಿಂಗಳಿಂದ ಕೇಳುವುದನ್ನೂ ಬಿಟ್ಟಿದ್ದಳು. ಮರೆತಳು ಎಂದು ನಾವು ಹಗುರಾಗಿ ಉಸಿರು ಬಿಟ್ಟೆವು.

ನನ್ನ ಮುಖ ಮಾತ್ರ ಮರೆಯಲು ಒಪ್ಪಲಿಲ್ಲ. ಕಣ್ಣ ಕೆಳಗೆ ಕಪ್ಪು, ಕೆನ್ನೆ ಒಳಗೆ. ಆಫೀಸಿನಲ್ಲಿ "ತಬ್ಯೇತ್ ಬರೀ ಆಹೆ ನಾ, ಮ್ಯಾಡಮ್?" ಎಂದು ವಾರಕ್ಕೆ ಮೂವರಾದರೂ ನನ್ನ ಆರೋಗ್ಯ ವಿಚಾರಿಸತೊಡಗಿದರು. ಕಡೆಗೆ ಅವ್ವನೂ ಶುರು ಮಾಡಿದಳು. "ಯಾಕ ಮಾರಿ ಹಿಂಗ ಇಳದದ? ಏನರೆ ಮುಚ್ಚಿಡ್ಲಿಕ್ಕೆ ಹತ್ತೀಯೇನ?" ಅದೇ ವಾರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಬಾಯಿ ಬಿಡುವ ಧೈರ್ಯವಿಲ್ಲದವಳು ಮುಖ ರಿಪೇರಿಗೆ ಹೊರಟೆ.

ಕ್ಲಿನಿಕ್ಕಿನ ಡಾಕ್ಟರು ಮೈಸೂರಿನ ಹುಡುಗಿ. ನಾನು ಕನ್ನಡದವಳು ಎಂದು ತಿಳಿದದ್ದೇ ತಡ, ಆಂಟಿಯಾಗಿಬಿಟ್ಟೆ.

"ಆಂಟಿ, ಉಸಿರಾಡಿ. ಇನ್ನೂ ಶುರುನೇ ಮಾಡಿಲ್ಲ."

"ಟ್ಯೂಬಿನ ಮ್ಯಾಲ ನನ್ನ ಹೆಸರ ಬರದೀರೇನ್ರಿ?"

"ಇವತ್ತು ಇರೋ ಪೇಷೆಂಟ್ ನೀವೊಬ್ರೇ, ಆಂಟಿ."

ಕತ್ತಿಗೂ ಚುಚ್ಚುವುದಿತ್ತು. ಹಣೆಯ ಟಿಕಳಿ ತೆಗೆಸಿದಳು. ಮಂಗಳಸೂತ್ರ ಬಿಚ್ಚಿಸಿ ಪರ್ಸಿಗೆ ಹಾಕಿಸಿದಳು. "ನಾಳೆವರೆಗೂ ಹಣೆಗೆ ಏನೂ ಅಂಟಿಸ್ಬೇಡಿ, ಸರಾನೂ ಬೇಡ, ಉಜ್ಜುತ್ತೆ. ಮುಖ ಕೆಂಪಾಗಿ ಸ್ವಲ್ಪ ಊದಿರುತ್ತೆ, ಭಯ ಬೀಳ್ಬೇಡಿ."

ಆಶ್ಚರ್ಯವೆಂದರೆ, ಬೀಳಲಿಲ್ಲ. ಇಷ್ಟೇನಾ ಎಂದುಕೊಂಡು ರಿಕ್ಷಾ ಹತ್ತಿದೆ.

ಬಾಗಿಲು ತೆಗೆದವಳು ಅವ್ವ. ವಾಕರ್ ಹಿಡಿದು ನಿಂತು ನನ್ನ ಬೋಳು ಹಣೆ ನೋಡಿದಳು. ಬರಿಗೊರಳು ನೋಡಿದಳು. ಊದಿದ ಕಣ್ಣು ನೋಡಿದಳು. ಕೂಗಲಿಲ್ಲ. ಕೈ ಹಿಡಿದು ಕರೆದೊಯ್ದು ಸೋಫಾದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡಳು.

"ಅಳಿಯಂದ್ರು ಮುಂಜಾನೆ ಅಂಗಡಿಗೆ ಹೋಗಾಗ ನೆಟ್ಟಗ ಇದ್ರಲ್ಲ. ಯಾವಾಗ ಆತಿದು?"

ಅವಳು ಏನು ತಿಳಿದುಕೊಂಡಳೆಂದು ನನಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಬಾಯಿ ತೆರೆಯುವಷ್ಟರಲ್ಲಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಈ ಸಲಾನೂ ನನಗ ಯಾರೂ ಹೇಳಲಿಲ್ಲ" ಎಂದಳು.

ಈ ಸಲಾನೂ!

ನಮ್ಮನೆಯವರಿಗೆ ವಿಡಿಯೋ ಕಾಲ್ ಹಚ್ಚಿದೆ. ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ, ಬೆಲ್ಲದ ಪೆಂಟೆಗಳ ನಡುವೆ ಕುಳಿತು ಅವರು "ಏನ್ರಿ ಅತ್ತೀ, ಊಟ ಆತೇನ್ರಿ?" ಎಂದರು. ಅವ್ವ ಸೆರಗು ಸರಿಮಾಡಿಕೊಂಡಳು. "ನೂರು ವರ್ಷ ಇರ್ರಿ" ಎಂದು ಫೋನು ನನ್ನ ಕೈಗಿಟ್ಟಳು. ಆಮೇಲೆ ಅತ್ತಳು. ಆ ಅಳು ಅಳಿಯನಿಗಾಗಿ ಇರಲಿಲ್ಲ.

"ಯಾವಾಗಿಂದ ಗೊತ್ತದ ನಿನಗ?"

"ದವಾಖಾನಿಯಿಂದ ಬಂದ ವಾರಕ್ಕ. ನಿಮ್ಮಣ್ಣ ತಲಿ ಬೋಳಿಸಿಕೊಂಡು ಬಂದು ತಿರುಪತಿಗೆ ಹೋಗಿದ್ದೆ ಅಂದ. ತಿರುಪತಿಗೆ ಹೋದಾಂವ ಒಂದ ಲಾಡು ತರಲಾರದ ಬರ್ತಾನೇನ?"

ಎಷ್ಟೊಂದು ಯೋಚಿಸಿದ್ದೆವು ನಾವು! ಅಪ್ಪನ ಫೋಟೋಕ್ಕೆ ಹಾರ ಹಾಕಲಿಲ್ಲ. ಮಾತಾಡಿಸಲು ಬಂದ ನೆಂಟರನ್ನು ಕೆಳಗಿನ ಮೆಟ್ಟಿಲಿಂದಲೇ ವಾಪಸು ಕಳಿಸಿದೆವು. ಲಾಡು ಮಾತ್ರ ಯಾರಿಗೂ ನೆನಪಾಗಲಿಲ್ಲ.

"ಗೊತ್ತಿದ್ದೂ ದಿನಾ ಯಾಕ ಕೇಳತಿದ್ದಿ ಮತ್ತ, ಅಪ್ಪ ಎಂದ ಬರ್ತಾರ ಅಂತ?"

"ಇವತ್ತರೆ ನೀ ಹೇಳ್ತೀ ಅಂತ ಕೇಳತಿದ್ದೆ."

"ಮತ್ತ ಆ ಕುಂಕುಮಾ..."

"ನೀ ಹಚ್ಚತಿದ್ದಿ. ಬ್ಯಾಡ ಅಂದ್ರ ನಿನ್ನ ಸುಳ್ಳ ಹೊರಗ ಬೀಳ್ತಿತ್ತಲ್ಲ. ಸುಮ್ನ ಕಣ್ಣ ಮುಚ್ಚಿ ಕೂಡತಿದ್ದೆ."

ವಯಸ್ಸಾದವರನ್ನು ನಾವು ಕಾಪಾಡುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಹಾರ್ಟ್ ವೀಕ್ ಎನ್ನುತ್ತೇವೆ. ಯಾರ ಹಾರ್ಟು? ಮನೆತುಂಬ ಜನ ಕೂತು, ಹದಿಮೂರು ದಿನ ಹಂಚಿಕೊಂಡು ಅಳಬೇಕಾದದ್ದನ್ನು ನಾವು ಅವಳೊಬ್ಬಳ ಮೇಲೆ ಹೇರಿದ್ದೆವು. ಅವಳು ಅದನ್ನು ಪಕ್ಕದ ಕೋಣೆಯಲ್ಲಿ, ನಮಗೆ ಕೇಳಿಸದ ಹಾಗೆ ಅತ್ತು ಮುಗಿಸುತ್ತಿದ್ದಳು. ನಾನು ಗೋಡೆಯ ಈಚೆ ಕೂತು ಅವಳ ಬಿಪಿಯ ಚಿಂತೆ ಮಾಡುತ್ತಿದ್ದೆ.

ಕಣ್ಣೊರೆಸಿಕೊಂಡು ಒಂದೊಂದಾಗಿ ಕೇಳಿದಳು. ಯಾವ ವಾರ? ಮಂಗಳವಾರ. ಎಷ್ಟೊತ್ತಿಗೆ? ಬೆಳಿಗ್ಗೆ ಚಹಾ ಹೊತ್ತಿಗೆ. ತ್ರಾಸ ಆತೇನ? ಇಲ್ಲವ್ವಾ, ಏನೂ ಆಗಲಿಲ್ಲ. ಎಲ್ಲ ನಿಜವನ್ನೇ ಹೇಳಿದೆ. ಎಂಟು ತಿಂಗಳ ನಂತರ ನಿಜ ಹೇಳುವುದು ಎಷ್ಟು ಸಲೀಸು ಎನ್ನಿಸತೊಡಗಿತ್ತು.

"ಅವತ್ತ ನಾ ಏನ ಮಾಡ್ಲಿಕ್ಕೆ ಹತ್ತಿದ್ದೆ?" ಎಂದಳು.

ಅವತ್ತು ಅವ್ವ ಮೊದಲ ಸಲ ನಾಲ್ಕು ಹೆಜ್ಜೆ ನಡೆದಿದ್ದಳು. ಅಪ್ಪನನ್ನು ಕಳಿಸಿಕೊಟ್ಟು, ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ನಾನು ಆಸ್ಪತ್ರೆಗೆ ಓಡಿದಾಗ ಇಡೀ ವಾರ್ಡಿಗೆ ಕೇಳಿಸುವಂತೆ ನಗುತ್ತಿದ್ದಳು. "ನಾ ನಡದೆ ಅಂತ ನಿಮ್ಮಪ್ಪಗ ಹೋಗಿ ಹೇಳು" ಎಂದು ನನ್ನನ್ನು ಕೂಡಲೂ ಬಿಡದೆ ಮನೆಗೆ ಅಟ್ಟಿದ್ದಳು.

"ಮಲಗಿದ್ದಿ, ಅವ್ವಾ" ಎಂದೆ. "ಗುಳಿಗಿ ಕೊಟ್ಟಿದ್ರು. ದಿನಾ ಪೂರ್ತಿ ಮಲಗಿದ್ದಿ."

ಊದಿದ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಹೌದೇನ" ಎಂದಳು.

ನಂಬಿದಳೇ, ಇಲ್ಲಾ ಇದನ್ನೂ ನನಗಾಗಿ ನುಂಗಿಕೊಂಡಳೇ?