ಕವಡೆ ಎಣಿಸಿ ಹಾಡುವ ಡಬ್ಬಿ

ದೋರನಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ತಗಡಿನ ಅಂಗಡಿಯಲ್ಲಿ ಬೆಳಗಿನ ಆರಕ್ಕೇ ಬೆಸುಗೆಯ ಹೊಗೆ ಏಳುತ್ತದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಪಂಪಿನ ಸುಟ್ಟ ಸ್ಟಾರ್ಟರ್ ಹಿಡಿದು ರೈತರು ಆಗಲೇ ಬಂದು ನಿಂತಿದ್ದಾರೆ. ಸರ್ವರಬೇಗಂ ತಲೆ ಎತ್ತುವುದಿಲ್ಲ. ಅವರ ಬೆರಳ ತುದಿಯಲ್ಲಿರುವುದು ಹುಣಸೆ ಬೀಜಕ್ಕಿಂತ ಚಿಕ್ಕದಾದ ಮೈಕ್ರೊಕಂಟ್ರೋಲರ್ ಚಿಪ್. "ಐದ್ ನಿಮಿಷ ತಡೀರಿ ಅಣ್ಣಾರ, ಇದಕ್ಕ ಹಾಡ ಕಲಿಸಾಕತ್ತೀನಿ," ಎನ್ನುತ್ತಾರೆ.

ಐವತ್ತೆರಡರ ಬೇಗಂ ಓದಿದ್ದು ಏಳನೆಯ ತರಗತಿ. ಶಹಾಪುರದ ರೇಡಿಯೊ ಅಂಗಡಿಯಲ್ಲಿ ಕಸ ಗುಡಿಸಲು ಸೇರಿ, ಗುಡಿಸುತ್ತಲೇ ಬೆಸುಗೆ ಕಲಿತವರು. ದಿನಕ್ಕೆ ನಾಲ್ಕು ಸ್ಟಾರ್ಟರ್, ಹತ್ತು ಟಾರ್ಚ್ ರಿಪೇರಿ ಮಾಡುವ ಈ ಕೈಗೆ ಚಿಪ್‌ನ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಕಲ್ಯಾಣಮ್ಮ.

ಚೌಕಾಬಾರದಲ್ಲಿ ಕಲ್ಯಾಣಮ್ಮನನ್ನು ಸೋಲಿಸಿದವರು ಓಣಿಯಲ್ಲಿ ಇಲ್ಲ. ಮೂರು ವರ್ಷದ ಹಿಂದೆ ಅವರ ಕಣ್ಣು ಹೋದವು. ಕಟ್ಟೆಯ ಕಲ್ಲಿನಲ್ಲಿ ಕೊರೆದ ಆಟದ ಮನೆಗಳು, ಕಾಯಿಗಳು ಬೆರಳಿಗೆ ತಿಳಿಯುತ್ತಿದ್ದವು. ಕವಡೆ ಎಷ್ಟು ಬಿತ್ತೆಂದು ಮಾತ್ರ ಬೇರೆಯವರೇ ಹೇಳಬೇಕು. "ಮಂದಿ ಕಣ್ಣಾಗ ನಾ ಆಡಂಗಿಲ್ಲ," ಎಂದು ಕಟ್ಟೆಯಿಂದ ಎದ್ದು ಹೋದರು. ಆ ಖಾಲಿ ಜಾಗ ಬೇಗಂ ಕಣ್ಣಿಗೆ ದಿನವೂ ಬೀಳುತ್ತಿತ್ತು.

ಅದಕ್ಕೇ ಹುಟ್ಟಿತು ಈ ಡಬ್ಬಿ. ಮೊಬೈಲಿನ ವಿಡಿಯೊ ನೋಡಿ, ಹಳೆಯ ಲ್ಯಾಪ್‌ಟಾಪಿನಲ್ಲಿ ತಿಣುಕಾಡಿ ಮಾಡಿದ್ದು. ಗುಂಡಿ ಒತ್ತಿದರೆ ಚಿಪ್ ತನ್ನೊಳಗೇ ಕವಡೆ ಎಸೆದು, ಲೆಕ್ಕಕ್ಕೆ ತಕ್ಕ ರಾಗ ನುಡಿಯುತ್ತದೆ. ಎರಡಕ್ಕೆ ಎರಡು ಸ್ವರ, ಎಂಟಕ್ಕೆ ಮದುವೆ ಶಹನಾಯಿಯ ಧಾಟಿ. ಸಣ್ಣ ಸೆಲ್ ಒಂದು ವರ್ಷ ಬಾಳುತ್ತದೆ. "ಒತ್ತಿದ್ರ ಏಳ್ತದ, ಹಾಡ್ತದ, ಮತ್ತ ಮಲ್ಕೋತದ. ಇಷ್ಟ್ ಕಮ್ಮಿ ಉಣ್ಣೋರು ನಮ್ಮ ಮನ್ಯಾಗ ಯಾರೂ ಇಲ್ಲರಿ!" ಎನ್ನುತ್ತಾರೆ ಬೇಗಂ.

ಮೊದಲ ಡಬ್ಬಿ ಮಾನ ಕಳೆಯಿತು. ಇಪ್ಪತ್ತು ಸಲ ಒತ್ತಿದ ಕಲ್ಯಾಣಮ್ಮ ಅದನ್ನು ಆಚೆ ತಳ್ಳಿದರು. "ಏ ಬೇಗಂ, ನಿನ್ನ ಡಬ್ಬಿ ಕಳ್ಳ ಅದ. ಖರೇ ಕವಡಿ ಇಷ್ಟ್ ಸಲ ಎಂಟು ಬೀಳ್ತಾವೇನು?"

ಒಂದು, ಎರಡು, ಮೂರು, ನಾಲ್ಕು, ಎಂಟು, ಎಲ್ಲಕ್ಕೂ ಬೇಗಂ ಸಮಪಾಲು ಕೊಟ್ಟುಬಿಟ್ಟಿದ್ದರು. ನಾಲ್ಕು ಕವಡೆ ಹಿಡಿದು ಇನ್ನೂರು ಸಲ ಎಸೆದು ನೋಡಿದರು. ಎರಡು ಮತ್ತೆ ಮತ್ತೆ ಬಿತ್ತು. ನಾಲ್ಕೂ ಬೋರಲಾಗಿ ಎಂಟಾದದ್ದು ಹದಿಮೂರೇ ಸಲ. ಆಗ ತಪ್ಪು ಹೊಳೆಯಿತು: ಚಿಪ್ ಲೆಕ್ಕವನ್ನು ಆರಿಸಬಾರದು, ನಾಲ್ಕು ಕವಡೆಗಳನ್ನೂ ಬೇರೆಬೇರೆಯಾಗಿ ಎಸೆದು ಎಣಿಸಬೇಕು.

ಹೊಸ ಡಬ್ಬಿಯನ್ನು ಒಂದು ಬೆಳಗೆಲ್ಲ ಒತ್ತಿ ಕೇಳಿದ ಕಲ್ಯಾಣಮ್ಮ, "ಹಾಂ, ಈಗ ಕವಡಿ ಆತು ನೋಡು," ಎಂದು ಸೆರಗು ಸಿಕ್ಕಿಸಿ ಕಟ್ಟೆಗೆ ಕೂತರು. ಅಂದು ಆಡಿದ್ದು ಮೂರಾಟ, ಮೂರೂ ಅವರವೇ. ಓಣಿಗೆ ಓಣಿಯೇ ಹೋ ಎಂದಿತು. ಈಗ ಗೋಗಿ, ಸುರಪುರದಿಂದಲೂ ಡಬ್ಬಿ ಕೇಳಿ ಬರುತ್ತಾರೆ, ಮೂವತ್ತೊಂದು ಹೋಗಿವೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಬೇಗಂ ಬೆಸುಗೆಯ ಕಡ್ಡಿ ಕೆಳಗಿಟ್ಟು ನಗುತ್ತಾರೆ. "ಆ ಡಬ್ಬಿ ಮಾಡ್ದಾಕಿ ನಾನರಿ. ಒಂದ್ ಸಲನಾರ ಕಲ್ಯಾಣಕ್ಕನ್ನ ಗೆಲ್ಲಬೇಕು!"