ಒಗ್ಗುತ್ತೆ ಅನ್ನುವ ಮಾತು

ಆಲೂರು ಕಡೆಯಿಂದ ಹೆತ್ತೂರಿಗೆ ಸೊಸೆಯಾಗಿ ಬಂದಾಗ, ಮುದ್ದೆ ಇಲ್ಲದೆ ನನಗೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ಇಲ್ಲಿ ಮೂರು ಹೊತ್ತೂ ಅಕ್ಕಿಯೇ. "ಒಗ್ಗುತ್ತೆ ಬುಡು," ಎಂದರು ಅತ್ತೆ. ಹೊಸದಾಗಿ ತಂದ ಹಸು ಮೇವು ಮುಟ್ಟದಿದ್ದಾಗಲೂ ಅವರು ಅದನ್ನೇ ಹೇಳಿದ್ದರು. ನನಗೆ ಉರಿದುಹೋಗಿತ್ತು. ಕೊನೆಗೆ ಹಸುವಿಗೂ ಒಗ್ಗಿತು, ನನಗೂ ಒಗ್ಗಿತು.

ಹೋದ ವರ್ಷ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಅನ್ನ ಬಿಟ್ಟು ಮುದ್ದೆ ತಿನ್ನಿ ಎಂದರು ಡಾಕ್ಟರು. ನುಂಗಬೇಕಾದ ಮುದ್ದೆಯನ್ನು ಅತ್ತೆ ಅಗಿಯುತ್ತಾ ಕೂತರು. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ಕಣ್ಣಲ್ಲಿ ನೀರು ತುಂಬಿಕೊಂಡು, "ಇದು ನಂಗೆ ಒಗ್ಗುತ್ತೇನವ್ವ?" ಎಂದು ಕೇಳಿದರು.

ಅವರದೇ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಒಗ್ಗದಿದ್ರೆ ಬುಡಿ ಅತ್ತೆ, ರಾಗಿ ರೊಟ್ಟಿ ತಟ್ಟಿಕೊಡ್ತೀನಿ," ಎಂದೆ.

ಹಾಗೆ ನನಗೆ ಯಾರೂ ಹೇಳಿರಲಿಲ್ಲ.