ನಾಲ್ಕನೇ ಚಾನೆಲ್ಲಿನ ದನಿ

ಕಡಯಂಪಟ್ಟಿಯ ಒಂದು ಕ್ಲಿನಿಕ್ಕಿಗೆ ಮೆಸೇಜ್ ಪ್ಲೇಯರ್ ಹಾಕಲು ಹೋಗಿದ್ದೆ. ಒಂದೊಂದು ಚಾನೆಲ್ಲಿಗೂ ಒಂದೊಂದು ಗುಂಡಿ. ಒತ್ತಿದರೆ ಕಾಯುವವರಿಗೆ ತಮಿಳಿನಲ್ಲಿ ಸೂಚನೆ ಕೇಳಿಸಬೇಕು. ಮಂಡಿನೋವು ತೋರಿಸಲು ಅಮ್ಮನೂ ನನ್ನ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದಳು.

ಚಪ್ಪಲಿ ಹೊರಗೆ ಬಿಡಿ, ಟೋಕನ್ ತಗೊಳ್ಳಿ, ಫೋನ್ ಆಫ್ ಮಾಡಿ. ಮೂರೂ ಸರಿಯಾಗಿ ಬಂದವು. ಡಾಕ್ಟರು ನಾಲ್ಕನೆಯದನ್ನೂ ಒತ್ತಿದರು. ಮನೆಯಲ್ಲಿ ಮೈಕ್ ಪರೀಕ್ಷಿಸುವಾಗ ಅದರಲ್ಲಿ ರೆಕಾರ್ಡ್ ಆಗಿದ್ದನ್ನು ನಾನು ಅಳಿಸಿರಲಿಲ್ಲ. ನಮ್ಮ ಮನೆಯ ಮಗ್ಗದ ಸದ್ದಿನ ನಡುವೆ, ನಮ್ಮ ಮನೆಮಾತಾದ ಕನ್ನಡದಲ್ಲಿ, ಅಮ್ಮನ ದನಿ ಕೋಣೆ ತುಂಬ ಮೊಳಗಿತು: "ಲೇ, ಊಟಕ್ಕೆ ಬಾರ್ಲಾ! ಸಾರು ಆರೋಗ್ತೈತೆ!"

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. "ಇದ್ಯಾವ ಭಾಷೆ? ಯಾರ ದನಿ?" ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು.

"ಗೊತ್ತಿಲ್ಲ ಸಾರ್, ಕಂಪನಿಯವರ ಸ್ಯಾಂಪಲ್ಲು," ಎಂದು ತಮಿಳಿನಲ್ಲೇ ಅಂದುಬಿಟ್ಟೆ. ಈ ಬಾಯಿಗಿಷ್ಟು ಬೆಂಕಿ ಹಾಕ! ಅಮ್ಮ ನಗು ನಿಲ್ಲಿಸಿ ತನ್ನ ಕಾಲುಂಗುರ ನೋಡುತ್ತ ಕೂತಳು.

ಬಸ್ಸಿನಲ್ಲಿ ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಅಡುಗೆ ಮುಗಿಸಿದವಳು, ಎಂದೂ ಇಲ್ಲದ ಹಾಗೆ, ಮೆಲ್ಲಗೆ ತಮಿಳಿನಲ್ಲಿ ಊಟಕ್ಕೆ ಕರೆದಳು: "ಸಾಪ್ಪಿಡ ವಾಪ್ಪಾ."